ಬೇವಿನ ಬುಡದ ಶೀಶೆ

ಅಕ್ಕಾ,

ಹೋದ ತಿಂಗಳು ಲಕ್ಷ್ಮೇಶ್ವರದಿಂದ ಗದಗಿಗೆ ಬರುವಾಗ ನನ್ನ ತೊಡೆಯ ಮೇಲಿದ್ದ ಶೀಶೆ ನೋಡಿ ಕಂಡಕ್ಟರ್, “ಏನ್ರೀ ಕಾಕಾ, ಉಪ್ಪಿನಕಾಯಿಗೂ ಟಿಕೆಟ್ ಹರೀಲೇನು?” ಅಂದ. ನಾನು ನಗಲಿಲ್ಲ. ಅದರಲ್ಲಿ ನಿನ್ನ ಮಗಳು ಗೀತಾಳ ಎದೆಯಿಂದ ತೆಗೆದ ಗಂಟಿತ್ತು. ಲ್ಯಾಬಿಗೆ ಒಯ್ಯುತ್ತಿದ್ದೆ.

ನಿನ್ನ ಶೀಶೆ ನೆನಪಾಯಿತು. ಬೆಟಗೇರಿಯ ಮನೆಯಲ್ಲಿ ಮಗ್ಗದಿಂದ ಎದ್ದು ಬಂದು, “ಎದಿಯಾಗಿನ ಗಂಟು ಗೋಲಿ ಹಂಗ ಜಾರತೈತಿ, ನೋವಿಲ್ಲ, ಬಿಡು” ಅಂದಿದ್ದವಳು ನೀನು. ಡಾಕ್ಟರು ಬೆರಳಿನಿಂದ ಒತ್ತಿ ನೋಡಿ ಸಾದಾ ಗಂಟು ಎಂದರು. ಕೊಯ್ದು ತೆಗೆದು, ಶೀಶೆಯನ್ನು ನನ್ನ ಕೈಗಿಟ್ಟು, “ಲ್ಯಾಬಿಗೆ ಕೊಡ್ರಿ” ಎಂದು ಒಳಗೆ ಹೋದರು. ಯಾಕೆ ಕೊಡಬೇಕು, ಕೊಡದಿದ್ದರೆ ಏನಾದೀತು? ಅಷ್ಟು ಹೇಳಲು ಅವರಿಗೇನು ಭಾರವಿತ್ತು? ದಿನವೂ ನಿನಗೆ ಪೇಪರ್ ಓದಿ ಹೇಳುತ್ತಿದ್ದ ನನಗಾದರೂ, ಕೇಳಲು...

ನೀನಿನ್ನೂ ದವಾಖಾನೆಯಲ್ಲಿದ್ದೆ; ಮನೆಗೆ ತಂದ ಶೀಶೆ ಮತ್ತೆ ಹೊಸ್ತಿಲು ದಾಟಲು ನಿನ್ನ ಅತ್ತೆ ಬಿಡಲಿಲ್ಲ. “ಮೈಯಿಂದ ತಗದದ್ದು ಮಣ್ಣಿಗೆ ಸೇರಬೇಕಪಾ. ಹೆಣ್ಮಗಳ ಎದಿದು, ಮಂದಿಗೆ ಕೊಟ್ಟು ನೋಡ್ರಿ ಅಂತೀಯೇನು?” ಹೆರಿಗೆಯ ಮಾಸನ್ನು ಹೂಳುವಂತೆ ಅರಿಶಿನ ಹಾಕಿ ಬೇವಿನ ಬುಡದಲ್ಲಿ ಹೂಳಿಸಿದರು. ಗುಂಡಿ ತೋಡಿದವನು ನಾನೇ. ಹೇಗೂ ಸಾದಾ ಗಂಟಲ್ಲವೇ ಅಂದುಕೊಂಡೆ. ವಾರ ಕಳೆದು ನೀನು, “ರಿಪೋರ್ಟ್ ಬಂತೇನೋ?” ಎಂದು ಕೇಳಿದಾಗ, “ಚೊಲೊ ಬಂದೈತಿ” ಎಂದವನೂ ನಾನೇ.

ಮೂರು ವರ್ಷದ ಮೇಲೆ ನೀನು ಬೆನ್ನುನೋವೆಂದು ಮಲಗಿದೆ. ಕ್ಯಾನ್ಸರ್ ಎಲುಬಿಗೆ ಇಳಿದಿದೆ ಎಂದ ಹುಬ್ಬಳ್ಳಿಯ ಡಾಕ್ಟರು ಹಳೆಯ ರಿಪೋರ್ಟ್ ಕೇಳಿದರು. ನೀನು ನನ್ನ ಕಡೆ ನೋಡಿದೆ. ನಾನು, “ಕಳದೈತ್ರಿ” ಎಂದೆ. ನಿನ್ನನ್ನು ಮಣ್ಣು ಮಾಡಿದ ದಿನವೂ ನನಗೆ ಅಳು ಬರಲಿಲ್ಲ ಅಕ್ಕಾ. ಈಗಲೂ ಬಂದಿಲ್ಲ.

ಗೀತಾಳ ಶೀಶೆ ಕೊಡುವಾಗ ಲ್ಯಾಬಿನ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. “ಸಾದಾ ಗಂಟು, ಕ್ಯಾನ್ಸರ್ ಗಂಟು, ಕೈಗೆ ಎರಡೂ ಒಂದ ನಮೂನಿ ಅನ್ನಿಸಬಹುದ್ರಿ. ತೆಳ್ಳಗ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಾಗ ನೋಡಿದ ಮ್ಯಾಲೇ ಖರೆ ಹೇಳಾಕ ಬರ್ತದ” ಎಂದರು. ಇಷ್ಟೇ ಮಾತು. ಅಂದು ಯಾರಾದರೂ ಆಡಿದ್ದರೆ?

ವಾರದ ಮೇಲೆ ಬಂದ ರಿಪೋರ್ಟಿನ ಲಕೋಟೆಯನ್ನು ನಾನು ಒಡೆಯಲಿಲ್ಲ. ಗೀತಾಳ ಕೈಗೇ ಕೊಟ್ಟೆ. ಅವಳು ಎರಡು ಸಲ ಓದಿದಳು. “ಫೈಬ್ರೊಅಡಿನೋಮ ಅಂತ ಐತಿ ಮಾಮಾ. ಹಾಲಿನ ಗ್ರಂಥಿ, ನಾರು ಕೂಡಿ ಬೆಳೆದ ಗಂಟು. ಕ್ಯಾನ್ಸರ್ ಅಲ್ಲ.” ಆಮೇಲೆ ಕೇಳಿದಳು: “ಅವ್ವನ ರಿಪೋರ್ಟಿನ್ಯಾಗ ಏನ ಬರೆದಿತ್ತು?”

ಬೇವಿನ ಬುಡದ ಮಾತು ಹೇಳಿದೆ. ನಿನಗೆ ಹೇಳದೆ ಉಳಿದದ್ದನ್ನು ಅವಳಿಗೆ ಹೇಳಿದೆ.

ಅವಳು ಇನ್ನೂ ನನ್ನೊಡನೆ ಮಾತಾಡಿಲ್ಲ. ಆದರೆ ಅವಳ ರಿಪೋರ್ಟ್ ಅವಳ ಹತ್ತಿರವೇ ಇದೆ, ಅಕ್ಕಾ.