ಅಜ್ಜನ ಹೆಸರು ವಾಪಸ್ ಪಡೆದದ್ದು

ಕೊರ್ಲಹಳ್ಳಿ,
ಮಂಗಳವಾರ

ಶಿರಹಟ್ಟಿಯ ಮಹಾರಾಣಿ ದುರ್ಗಕ್ಕನ ಸನ್ನಿಧಾನಕ್ಕೆ, ತಮ್ಮ ಸುಭಾಷನ ಅಡ್ಡಬಿದ್ದ ನಮಸ್ಕಾರ.

ನಿನ್ನ ಕೂಸಿಗೆ ತೀರಿಹೋದ ಅಜ್ಜನ ಹೆಸರಿಡೋಣ ಅಂದ್ರ ನಿಮ್ಮ ಅತ್ತಿಯವರು, "ನಾಯಿ ಹೆಸರು ಕೂಸಿಗ್ಯಾಕ?" ಅಂದರಂತ. ಅಪರಾಧಿ ನಾನೇ. ಊರಾಗ ಮತ್ಯಾರಿಗೂ ಇಲ್ಲದ 'ಹೊಳೆಯಪ್ಪ' ಅನ್ನೋ ಹೆಸರನ್ನ ಕ್ರಿಕೆಟ್ ತಂಡಕ್ಕ, ದೋಣಿಗೆ, ವಾಟ್ಸಾಪ್ ಗುಂಪಿಗೆ, ಕಡೀಕ ನಾಯಿಗೂ ಇಟ್ಟೆ. ನಾಯಿನ್ನ ಕರದ್ರ ಅಜ್ಜನೂ "ಏನ್ಲೇ?" ಅಂತ ನಕ್ಕೋತ ಬರ್ತಿದ್ದ.

ಆದ್ದರಿಂದ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಹೆಸರನ್ನು ಎಲ್ಲ ಕಡೆಯಿಂದ ವಾಪಸ್ ಪಡೆದಿದ್ದೇನೆ. ದೋಣಿ ಮ್ಯಾಲಿನ ಅಕ್ಷರ ಕೆರೆದು ತೆಗೆದೆ. ನಾಯಿಗೆ 'ರಾಜಾ' ಅಂತ ಹೊಸ ಹೆಸರಿಟ್ಟೆ. ಅದು ತಿರುಗಿ ಸುದ್ದಾ ನೋಡಲಿಲ್ಲ. ಹೊಳಿದಂಡಿಗೆ ಅಜ್ಜನ್ನ ಮಣ್ಣು ಮಾಡಿದಾಗಿಂದ ಅದು ಆ ಜಾಗಾ ಬಿಟ್ಟು ಬಂದಿರಲಿಲ್ಲ, ಹೊಟ್ಟಿತುಂಬ ಉಂಡಿರಲಿಲ್ಲ.

ನಮ್ಮವ್ವ ಈ ಮನಿ ಸೊಸಿಯಾಗಿ ಬಂದಾಗಿಂದ ಮಾವನ ಹೆಸರು ಬಾಯಿಗೆ ತಂದಾಕಿಯಲ್ಲ. ನಿನ್ನೆ ತಲಿಮ್ಯಾಲೆ ಸೆರಗು ಹೊತ್ತುಕೊಂಡು ದಂಡಿಗೆ ಹೋಗಿ, "ಹೊಳೆಯಪ್ಪಾ, ಮನಿಗೆ ನಡೀರಿ" ಅಂದಳು.

ನಾಯಿ ಎದ್ದು ಆಕಿ ಹಿಂದ ಬಂತು. ಅವ್ವ ಕಟ್ಟಿಮ್ಯಾಲೆ ಕುಂತು, ಅಜ್ಜ ಹೋದ ದಿನ ಅಳದೇ ಇದ್ದದ್ದನ್ನೆಲ್ಲ ಅತ್ತಳು.

ಅಕ್ಕಾ, ಕೂಸಿಗೆ ಬ್ಯಾರೆ ಚಂದದ ಹೆಸರು ಇಡ್ರಿ. ಈ ಹೆಸರು ಸದ್ಯಕ್ಕ ನಮ್ಮ ಮನಿಯಾಗ ಬೇಕಾಗೈತಿ.

ಇಂತಿ ಅಪರಾಧಿ,
ಸುಭಾಷ