ಲಿಂಬರ್ಟನ ಜವಳ

ಮಾರ್ಚ್ 6, ಬೂದಿ ಬುಧವಾರ

ಇವತ್ತು ಒಪ್ಪೊತ್ತು. ಬೆಳಗಿನ ಬಲಿಪೂಜೆಗೆ ಹೋಗಿ ಹಣೆಗೆ ಬೂದಿ ಇಡಿಸಿಕೊಂಡು ಬಂದೆ. ಸ್ಟುಡಿಯೋ ಗುಡಿಸಿದೆ. ಗುರುತಿನ ಚೀಟಿ ಫೋಟೋಗೆ ಹಿಂದೆ ಕಟ್ಟುವ ಬಿಳಿ ಬಟ್ಟೆ ಒಗೆದು ಹಿತ್ತಿಲ ತಂತಿಗೆ ಹರವಿದೆ. ಸರೋವರದ ಚಿತ್ರ ಬರೆದ ಪರದೆಯ ಧೂಳು ಹೊಡೆದೆ. ಹಂಸದ ಕತ್ತಿನ ಹತ್ತಿರ ಬಣ್ಣ ಬಿರುಕು ಬಿಟ್ಟಿದೆ. ಮುಂದೆ ಹೂವಿನ ಕುಂಡ ಇಟ್ಟರೆ ಕಾಣುವುದಿಲ್ಲ.

ಈಸ್ಟರ್‌ವರೆಗಿನ ನಲವತ್ತು ದಿನದ ತಪಸ್ಸುಕಾಲ ಬಂತೆಂದರೆ ನಮ್ಮ ಬೊಲಿವಿಯದವರಲ್ಲಿ ಮದುವೆಯಿಲ್ಲ, ಬ್ಯಾಂಡಿಲ್ಲ. ಬ್ಯೂನಸ್ ಐರಿಸ್‌ಗೆ ಬಂದು ಇಷ್ಟು ವರ್ಷವಾದರೂ ಅದೊಂದು ಬಿಟ್ಟಿಲ್ಲ. ಕಾರ್ನಿವಲ್ ಕುಣಿತದ ಫೋಟೋ ಪ್ರಿಂಟ್ ಹಾಕುವುದು, ಶಾಲೆಗೆ ಸೇರುವ ಮಕ್ಕಳ ಚೀಟಿ ಫೋಟೋ ತೆಗೆಯುವುದು... ಇಷ್ಟೇ ಕೆಲಸ.

ಪಕ್ಕದಲ್ಲಿ ಕಡಲೆಕಾಯಿ ಸಾರಿನ ಹೋಟೆಲ್ ಇಟ್ಟಿರುವ ಬೆನಿತಾ ಇಣುಕಿದಳು. "ಏನೇ ಕಸಿಮಿರಾ, ಹೀಗೆ ಉಪವಾಸದ ಮುಖ ಹಾಕ್ಕೊಂಡು ಕೂತ್ರೆ ಯಾರೇ ಬರ್ತಾರೆ ಫೋಟೋಗೆ?"

"ನೀನು ಸಾರಿನ ಪಾತ್ರೆ ಮುಚ್ಚು ಮೊದ್ಲು. ಆ ವಾಸನೆ ಕುಡಿದು ನಂಗೆ ಪಾಪ ಬಂದ್ರೆ ನಿನ್ನ ಲೆಕ್ಕಕ್ಕೇ."

ಮಾರ್ಚ್ 8, ಶುಕ್ರವಾರ

ಮಾಂಸವಿಲ್ಲ. ಆಲೂಗಡ್ಡೆ, ಚೀಸು.

ಇವತ್ತು ನೊಯೆಮಿ ಬಂದಿದ್ದಳು. ಮಗನ ಫೋಟೋ ಬೇಕಂತೆ. ದೇವರ ಮುಂದೆ ಅನ್ಸೆಲ್ಮೊ ಈಗಲೂ ನನ್ನ ಗಂಡ. ಇರುವುದು ಇವಳ ಮನೆಯಲ್ಲಿ. ಆರು ವರ್ಷವಾಯಿತು. ಬೇರೆ ಸ್ಟುಡಿಯೋ ಎರಡು ಬೀದಿ ಆಚೆಗಿದೆ, ಅಲ್ಲಿಗೆ ಹೋಗಬಹುದಿತ್ತು. ಬಂದಳು. ಗಿರಾಕಿ ಗಿರಾಕಿಯೇ.

ಹುಡುಗನಿಗೆ ನಾಲ್ಕು. ಕೂದಲು ಸೊಂಟದವರೆಗೆ. ಸಾಲಿನಲ್ಲಿ ನಿಂತಿದ್ದ ಒಬ್ಬಾಕೆ, "ಎಷ್ಟು ಚೆಂದ ಜಡೆ ಪುಟ್ಟೀದು" ಎಂದಳು.

"ಪುಟ್ಟಿ ಅಲ್ಲ. ಲಿಂಬರ್ಟ್" ಎಂದ. ಈ ಮಾತು ಇವನಿಗೆ ಬಾಯಿಪಾಠವಾಗಿದೆ.

ಕಣ್ಣು ಕಾಣಬೇಕು, ಎರಡು ಕಿವಿಯೂ ಕಾಣಬೇಕು. ಇಲ್ಲದಿದ್ದರೆ ಕಚೇರಿಯವರು ಹಿಂದಕ್ಕೆ ಕಳಿಸುತ್ತಾರೆ. ಕೂದಲಿಗೆ ನೀರು ಹಚ್ಚಿ ಹಿಂದಕ್ಕೆ ತೀಡಿದೆ, ಕ್ಲಿಪ್ ಹಾಕಿದೆ. ಎಡಹುಬ್ಬು ಬಲಹುಬ್ಬಿಗಿಂತ ಮೇಲಿದೆ. ಅನ್ಸೆಲ್ಮೊನ ಮನೆತನದ್ದು. ತಲೆ ಒಂದಿಷ್ಟು ವಾಲಿಸಿದರೆ ಸರಿಯಾಗುತ್ತದೆ. ವಾಲಿಸಿದೆ. ತೆಗೆದೆ.

"ಜವಳ ಯಾಕೆ ಮಾಡಿಸಿಲ್ಲ? ವರ್ಷ ತುಂಬಿದಾಗಲೇ ಆಗ್ಬೇಕಿತ್ತು" ಎಂದೆ.

"ಮೊದಲ ಕೂದಲು ತೆಗೆಯೋಕೆ ಧರ್ಮತಾಯಿ ಸಿಗ್ತಿಲ್ಲ, ಕಸಿಮಿರಮ್ಮ."

"ಯಾಕೆ? ನಮ್ಮವರು ಇಷ್ಟು ಜನ ಇದಾರಲ್ಲ ಇಲ್ಲಿ."

ನೆಲ ನೋಡಿದಳು. "ಕೇಳಿದೆ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಒಪ್ತಿಲ್ಲ."

ಪ್ರಿಂಟ್ ಒಣಗಿದ ಮೇಲೆ ಕತ್ತರಿಸಿ ಲಕೋಟೆಗೆ ಹಾಕಿ ಕೊಟ್ಟೆ.

ಮಾರ್ಚ್ 9

ಬೆನಿತಾಳನ್ನು ಕೇಳಿದೆ. ನಿಜವಂತೆ.

"ನನ್ನನ್ನೂ ಕೇಳಿದ್ಲು ಕಣೇ. ಆಗಲ್ಲಮ್ಮ ಅಂದೆ."

"ನಾನೇನಾದ್ರೂ ಬೇಡ ಅಂತ ಹೇಳಿದ್ನಾ ನಿಂಗೆ?"

"ಹೇಳೋದೇನು ಬಂತು? ನನ್ನ ಮದುವೆ ಫೋಟೋ ನಿಂದು, ಮಗಳ ಜ್ಞಾನಸ್ನಾನದ್ದು ನಿಂದು, ನಮ್ಮಪ್ಪನ ಹೆಣದ ತಲೆದೆಸೆಯಲ್ಲಿಟ್ಟಿದ್ದ ಫೋಟೋ ನಿಂದು. ಈ ಬೀದೀಲಿ ನೀನು ತೆಗೆದಿರೋ ಫೋಟೋ ಇಲ್ಲದ ಗೋಡೆ ಯಾವುದಿದೆ ತೋರ್ಸು. ಆ ಗೋಡೆ ಕೆಳಗೆ ಅವಳನ್ನ ಕೂರಿಸಿ ಕೊಮಾದ್ರೆ, ಧರ್ಮದ ತಂಗಿ ಅನ್ಲಾ?"

ಸಾರು ಕೊಟ್ಟಳು. ಶನಿವಾರ, ಉಣ್ಣಬಹುದು. ಉಂಡೆ.

ಮಾರ್ಚ್ 24, ಭಾನುವಾರ

ತಪಸ್ಸುಕಾಲವೆಂದು ಹುಡುಗಿಯರಿಗೆ ಹದಿನೈದು ತುಂಬುವುದು ನಿಲ್ಲುವುದಿಲ್ಲ. ಹೊಲಿಗೆ ಕಾರ್ಖಾನೆಯವರ ಮಗಳ ಹದಿನೈದರ ಹುಟ್ಟುಹಬ್ಬ, ನಮ್ಮಲ್ಲಿ ಅದು ಮದುವೆಯಷ್ಟೇ ದೊಡ್ಡದು. ಹೊಗೆ ಯಂತ್ರ ತರಿಸಿದ್ದರು, ಹುಡುಗಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ಹೊಗೆ ಆರುವವರೆಗೆ ಅಜ್ಜಿಯರನ್ನು ಸಾಲಾಗಿ ಕೂರಿಸಿ ತೆಗೆದೆ. ಒಬ್ಬರೂ ನಗಲಿಲ್ಲ. ಊರಿನಲ್ಲಿ ಫೋಟೋಗೆ ನಗುವವರು ಹುಚ್ಚರು.

ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಲಿಂಬರ್ಟನೂ ಇದ್ದ. ಗಂಡು ಹುಡುಗರು ಚೆಂಡು ಕೊಡಲಿಲ್ಲ. "ಹೋಗೇ, ಗೊಂಬೆ ಆಡ್ಕೋ ಹೋಗೇ" ಅಂದರು. ಹೋಗಿ ಹುಡುಗಿಯರ ಹತ್ತಿರ ನಿಂತ. ಅವರೂ ಸೇರಿಸಲಿಲ್ಲ. ಗೋಡೆಗೆ ಒರಗಿ ಕೂದಲ ತುದಿ ಬಾಯಲ್ಲಿಟ್ಟು ಅಗಿಯುತ್ತಿದ್ದ.

ಒಂದು ಫೋಟೋ ತೆಗೆದೆ. ಯಾರೂ ಕೇಳಿರಲಿಲ್ಲ. ಅಳಿಸಿದೆ.

ಏಪ್ರಿಲ್ 5, ಶುಕ್ರವಾರ, ಸಂಜೆ

ಮಾಂಸವಿಲ್ಲ. ಬೆಳಿಗ್ಗೆ ಪ್ರಿಂಟರ್ ಕೆಟ್ಟಿತು. ಮಧ್ಯಾಹ್ನ ತಾನೇ ಸರಿಯಾಯಿತು.

ಬಾಗಿಲು ಹಾಕುವ ಹೊತ್ತಿಗೆ ನೊಯೆಮಿ ಬಂದಳು. ಒಬ್ಬಳೇ. ಕೈಯಲ್ಲಿ ಬ್ರೆಡ್ಡು, ಹಣ್ಣು, ಮೇಲೆ ಬಿಳಿ ಬಟ್ಟೆ. ನೋಡಿದ ಕೂಡಲೇ ತಿಳಿಯಿತು. ಹೀಗೆ ಬಟ್ಟೆ ಮುಚ್ಚಿ ತರುವುದು ಒಂದೇ ಕೆಲಸಕ್ಕೆ.

"ಅಕ್ಕ, ನೀವೇ ಲಿಂಬರ್ಟ್‌ಗೆ ಧರ್ಮತಾಯಿ ಆಗ್ಬೇಕು."

ಅಕ್ಕ ಎಂದದ್ದು ಇದೇ ಮೊದಲು.

"ನಾನು ಒಪ್ಪಿದ್ರೆ ಉಳಿದವರೂ ಬರ್ತಾರೆ ಅಂತಾನಾ?"

"ಅದೂ ಹೌದು."

"ಇನ್ನೇನು?"

ಬಿಳಿ ಬಟ್ಟೆಯ ಅಂಚು ಸರಿಮಾಡಿದಳು. ನಾನೇ ಹೇಳಿದೆ. "ನಿನ್ನ ಮಗನ ಜವಳ ತೆಗೆದ್ರೆ ನೀನು ನಂಗೆ ಕೊಮಾದ್ರೆ, ಅನ್ಸೆಲ್ಮೊ ಕೊಂಪಾದ್ರೆ, ಒಡಹುಟ್ಟಿದವರ ಹಾಗೆ. ಸಾಯೋವರೆಗೂ. ಆಮೇಲೆ ಅವನು ನನ್ನ ಹೊಸಿಲು ದಾಟಿ ಗಂಡನಾಗಿ ಬರೋ ಹಾಗಿಲ್ಲ. ಗೊತ್ತು ತಾನೆ?"

"ಗೊತ್ತು. ಅದಕ್ಕೇ ಕೇಳ್ತಿದೀನಿ."

ಗಟ್ಟಿ ಹೆಂಗಸು. ಸುಳ್ಳು ಹೇಳಲಿಲ್ಲ.

"ಅವನಿಗೆ ಗೊತ್ತಾ ನೀನು ಬಂದಿರೋದು?"

"ಇಲ್ಲ."

ಪಾಸ್ಕ ಹಬ್ಬದ ದಿನ, ಈಸ್ಟರ್ ಭಾನುವಾರ, ಜವಳ ಇಟ್ಟುಕೊಂಡಿದ್ದಾಳೆ. ಹಿಂದಿನ ಶನಿವಾರ ಉತ್ತರ ಎಂದೆ. ಕೇಳಿದವರೇ ಆಳು ಕಳಿಸಿ ಉತ್ತರ ಒಯ್ಯಬೇಕು, ಕೇಳಿಸಿಕೊಂಡವರು ಹೇಳಿಕೊಂಡು ಹೋಗಬಾರದು. ನಮ್ಮ ಕಡೆ ಹಾಗೆ.

ಧರ್ಮತಾಯಿಯೂ ಮಗುವಿನ ತಂದೆಯೂ ಒಂದೇ ಹಾಸಿಗೆಯಲ್ಲಿ ಮಲಗಿದರೆ ಊರಿನ ಹೊಲಕ್ಕೆಲ್ಲ ಆಲಿಕಲ್ಲು ಬೀಳುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ಏಳನೇ ವಯಸ್ಸಿನಲ್ಲಿ ಅಂಥ ಆಲಿಕಲ್ಲು ನೋಡಿದ್ದೇನೆ. ಮೇಲಿನ ಕೇರಿಯ ಇಬ್ಬರು ಅದೇ ಸಂಜೆ ಊರು ಬಿಟ್ಟಿದ್ದರು.

ಏಪ್ರಿಲ್ 14, ಗರಿಗಳ ಭಾನುವಾರ

ಚರ್ಚ್ ಬಾಗಿಲಲ್ಲಿ ಗರಿ ಹಿಡಿದ ಸಂಸಾರಗಳ ಫೋಟೋ. ಬಿಸಿಲು ನೇರ ಮುಖಕ್ಕೆ. ಎಲ್ಲರೂ ಕಣ್ಣು ಕಿರಿದು ಮಾಡಿದವರೇ.

ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಜವಳದ ವಿಷಯ ಕೇಳಿದೆ. ಹೊಸಬರು, ಈ ದೇಶದವರೇ, ವಯಸ್ಸು ಚಿಕ್ಕದು.

"ಅದು ಸಂಸ್ಕಾರ ಅಲ್ಲಮ್ಮ. ಕೂದಲು ಕತ್ತರಿಸೋದು ಅಷ್ಟೆ. ಚರ್ಚ್ ಲೆಕ್ಕಕ್ಕೆ ಬರಲ್ಲ."

"ಹಾಗಾದ್ರೆ ಜವಳ ಆದ್ಮೇಲೆ ಗಂಡ ವಾಪಸ್ ಬಂದ್ರೆ?"

"ಬರಲಿ. ನೀವು ಅವನ ಹೆಂಡತಿ ತಾನೆ?"

ಒಳ್ಳೆಯ ಮನುಷ್ಯ. ಆದರೆ ನಮ್ಮ ಊರಿನ ಆಲಿಕಲ್ಲು ನೋಡಿಲ್ಲ.

ದಾರಿಯಲ್ಲಿ ಬೆನಿತಾ ಕೇಳಿದಳು. "ಗಂಡ ವಾಪಸ್ ಬಂದ್ರೆ ಅಂತ ಕೇಳಿದ್ಯಂತೆ? ಇನ್ನೂ ಕಾಯ್ತಿದೀಯಾ ಆ ಗೋಡೆ ಗಾರೆಯೋನಿಗೆ?"

"ಹಿಂದೆ ನಿಂತು ಕದ್ದು ಕೇಳೋದು ಪಾಪ" ಎಂದೆ.

"ಉತ್ತರ ಅಲ್ಲ ಅದು."

ಅಲ್ಲ.

ಏಪ್ರಿಲ್ 18, ಪವಿತ್ರ ಗುರುವಾರ

ಅನ್ಸೆಲ್ಮೊ ಬಂದಿದ್ದ.

ಮಧ್ಯಾಹ್ನ. ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಉಗುರಿನಲ್ಲಿ ಸುಣ್ಣ. ಗಿರಾಕಿ ಕೂರುವ ಕುರ್ಚಿ ತೋರಿಸಿದೆ. ಚಹಾ ಕೊಟ್ಟೆ, ಎರಡು ಚಮಚ ಸಕ್ಕರೆ. ಕೇಳದೆಯೇ ಹಾಕಿದೆ. ಹಾಕಿದ ಮೇಲೆ ಗಮನಕ್ಕೆ ಬಂತು.

"ತೆಳ್ಳಗಾಗಿದೀಯ" ಎಂದ.

"ತಪಸ್ಸುಕಾಲ."

ಚಹಾ ಮುಗಿಸಿದ. ಲೋಟದ ತಳ ನೋಡುತ್ತ, "ಪಾಸ್ಕ ಆದ್ಮೇಲೆ ಮನೆಗೆ ಬರ್ಲಾ?" ಎಂದ.

"ಯಾವ ಮನೆಗೆ?"

"ನಮ್ಮನೆಗೆ ಕಸಿಮಿರಾ. ಇನ್ಯಾವುದಿದೆ ನಂಗೆ? ಅಲ್ಲಿ ದಿನಾ ಜಗಳ. ವಯಸ್ಸಾಯ್ತು."

"ಮಗು?"

"ಅದನ್ನ ಅವಳು ನೋಡ್ಕೋತಾಳೆ ಬಿಡು."

ನೊಯೆಮಿ ನನ್ನನ್ನು ಧರ್ಮತಾಯಿಯಾಗಲು ಕೇಳಿದ್ದು ಅವನಿಗೆ ಈಗಲೂ ತಿಳಿದಿಲ್ಲ. ನಾನೂ ಹೇಳಲಿಲ್ಲ. ಶನಿವಾರ ಹೇಳುತ್ತೇನೆ ಎಂದು ಕಳಿಸಿದೆ.

ಆರು ವರ್ಷದಿಂದ ಜಪಸರದ ಕೊನೆಯ ಮಣಿಗೆ ಇದೊಂದೇ ಬೇಡಿಕೆ. ಕೊಟ್ಟೆಯಲ್ಲ ತಾಯಿ. ಈ ವಾರವೇ ಕೊಡಬೇಕಿತ್ತೇ.

ಕುರ್ಚಿ ತುಂಬ ಹೊತ್ತು ಅಲ್ಲೇ ಇತ್ತು. ಪಾದ ತೊಳೆಯುವ ಪೂಜೆಗೆ ಹೊರಡುವಾಗ ಎತ್ತಿಟ್ಟೆ.

ಏಪ್ರಿಲ್ 19, ಶುಭ ಶುಕ್ರವಾರ

ಪೂರ್ತಿ ಉಪವಾಸ. ಮೆರವಣಿಗೆ. ಕ್ಯಾಮೆರಾ ಒಯ್ಯಲಿಲ್ಲ.

ಜನರ ನಡುವೆ ನೊಯೆಮಿ, ಹೆಗಲ ಮೇಲೆ ನಿದ್ದೆ ಹೋದ ಲಿಂಬರ್ಟ್. ಅವಳ ಸುತ್ತ ಜಾಗ ಬಿಟ್ಟು ನಡೆಯುತ್ತಿದ್ದರು ನಮ್ಮವರು. ಯಾರೂ ದೂಡಲಿಲ್ಲ, ಯಾರೂ ಬೈಯಲಿಲ್ಲ. ಜಾಗ ಬಿಟ್ಟಿದ್ದರು, ಅಷ್ಟೆ. ಅದು ನನಗಾಗಿ ಬಿಟ್ಟ ಜಾಗ. ನನ್ನನ್ನು ಕಂಡ ಕೂಡಲೇ ಇಬ್ಬರು ಇನ್ನೂ ಒಂದು ಹೆಜ್ಜೆ ಸರಿದರು.

ಏಪ್ರಿಲ್ 20, ಶನಿವಾರ

ಬೆಳಿಗ್ಗೆ ಸ್ಟುಡಿಯೋ ತೊಳೆದೆ. ಹೊಸ ಕತ್ತರಿ ತಂದೆ, ಬಿಳಿ ರಿಬ್ಬನ್ ತಂದೆ. ಹಿಡಿಗೆ ಕಟ್ಟಿದೆ. ಗಂಟು ಸರಿ ಬರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದೆ.

ಬೆನಿತಾ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟಳು. ಕುಕ್ಕರಗಾಲಲ್ಲಿ ಕೂತು ರಿಬ್ಬನ್ ಮುಟ್ಟಿ ನೋಡಿದಳು. ಆಮೇಲೆ, "ನೀನು ಧರ್ಮತಾಯಿ ಜಾಗದಲ್ಲಿ ಕೂತ್ರೆ ಫೋಟೋ ಯಾರೇ ತೆಗೀತಾರೆ?"

"ನೀನು."

"ನಾನಾ? ಎಲ್ಲರ ತಲೇನೂ ಹಾರಿಸ್ಬಿಡ್ತೀನಿ."

"ಹಾರಿಸು. ಹುಡುಗನ್ನ ಮಾತ್ರ ಪೂರ್ತಿ ತೆಗಿ."

ಎಲ್ಲಿ ಒತ್ತಬೇಕು, ಎಲ್ಲಿ ನೋಡಬೇಕು ಎಂದು ತೋರಿಸಿದೆ. ಕಲಿಯುತ್ತ ಕಲಿಯುತ್ತ ಅತ್ತಳು. ನನಗೆ ಅಳು ಬರಲಿಲ್ಲ. ಹೊಟ್ಟೆ ಹಸಿದಿತ್ತು.

ಅನ್ಸೆಲ್ಮೊನನ್ನು ಇಪ್ಪತ್ತು ವರ್ಷ ಹೆಸರು ಹಿಡಿದು ಕರೆದೆ, ಆರು ವರ್ಷ ಯಾವ ಹೆಸರಿಂದಲೂ ಕರೆಯಲಿಲ್ಲ. ಇನ್ನು ಕೊಂಪಾದ್ರೆ ಎನ್ನಬೇಕು. ಪಾತ್ರೆ ತೊಳೆಯುವಾಗ ಒಮ್ಮೆ ಗಟ್ಟಿಯಾಗಿ ಅಂದು ನೋಡಿದೆ. ಮನೆಯೊಳಗೆ ಆ ಮಾತು ಬೇರೆ ಯಾರದೋ ಎನಿಸಿತು. ಎರಡನೇ ಸಲ ಅಷ್ಟು ಹೊಸದೆನಿಸಲಿಲ್ಲ.

ಸಂಜೆ ಐದಕ್ಕೆ ನೊಯೆಮಿಗೆ ಫೋನ್ ಮಾಡಿದೆ. ಎತ್ತಿದಳು. ಉತ್ತರ ಸಿದ್ಧವಾಗಿದೆ ಎಂದೆ. "ಯಾರನ್ನ ಕಳಿಸ್ಲಿ ಅಕ್ಕ?" ಎಂದಳು.

"ಬೇರೆ ಯಾರೂ ಬೇಡ. ಅನ್ಸೆಲ್ಮೊನನ್ನೇ ಕಳಿಸು. ನನ್ನ ಉತ್ತರ ಅವನೇ ಬಂದು ತಗೊಂಡು ಹೋಗ್ಲಿ, ಬಾಗಿಲಲ್ಲೇ ನಿಂತು, ಕೊಂಪಾದ್ರೆ ಆಗಿ."