ಇಬ್ಬರು ಅಜ್ಜಿಯರ ಕನಸಿನ ಹೆಸರು

ಮಕೋವಾ,

ನನ್ನ ಅಮ್ಮನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟೆ. ಕೂಸಿನ ಹಾಲು ಫ್ರಿಜ್ಜಿನಲ್ಲಿದೆ. ಬೆಚ್ಚಗೆ ಮಾಡಿ ಕುಡಿಸು, ಒಲೆಯ ಮೇಲಿಟ್ಟು ಮರೆತುಬಿಡಬೇಡ ಮಾರಾಯ.

ಅತ್ತೆಯ ಕನಸಿನಲ್ಲಿ ನಮ್ಮ ಮಗಳಿಗೆ ಬಂದ ಹೆಸರು ನೆನಪಿದೆಯಲ್ಲ? ಕೌವಾಕನಿಲೆಹುವಾ. ಲೆಹುವಾ ಹೂಗಳನ್ನು ಸರಸರ ಎನ್ನಿಸುವ ನಮ್ಮ ಹೀಲೋ ಊರಿನ ಮಳೆ. "ಇನ್ನೂ ಉದ್ದ ಇತ್ತು ಕಣೇ, ಅಷ್ಟರಲ್ಲಿ ಎಚ್ಚರ ಆಗೋಯ್ತು" ಎಂದು ಅವರು ಕೊರಗುತ್ತಿದ್ದರೆ ನೀನು ನಕ್ಕೆ: "ಇಷ್ಟು ಕರೆಯೋಕೇ ಉಸಿರು ಸಾಲಲ್ಲ!"

ಈಗ ಕೇಳು. ಬೆಳಿಗ್ಗೆ ನೀನು ಮಲಗಿದ್ದಾಗ ಕವಾಯಿ ದ್ವೀಪದಿಂದ ಅಮ್ಮ ಫೋನ್ ಮಾಡಿದ್ದಳು. ಅವಳಿಗೂ ಕನಸು. "ಹೋಯಿಮಾಯಿಕೌಹಾಲೆ ಅಂತ ಕೇಳಿಸ್ತು ಮಗಳೇ. ಮನೆಗೆ ವಾಪಸ್ ಬಂತು ಅಂತ. ಆದ್ರೆ ಏನು ಬಂತು? ಅದೇ ಗೊತ್ತಾಗ್ಲಿಲ್ಲ."

ಎರಡನ್ನೂ ಸೇರಿಸಿ ಹೇಳಿ ನೋಡು. ಲೆಹುವಾ ಮಳೆ ಮನೆಗೆ ವಾಪಸ್ ಬಂತು! ನಮ್ಮ ಮದುವೆಯೂಟದ ಹಂದಿ ಬೆಂದಿಲ್ಲವೆಂದು ಜಗಳವಾಡಿದ ದಿನದಿಂದ ಅವರಿಬ್ಬರಿಗೆ ಮಾತೇ ಇಲ್ಲ, ನಾನೂ ಅಮ್ಮನಿಗೆ ಹೇಳಿರಲಿಲ್ಲ. ಒಬ್ಬರ ಕನಸು ಇನ್ನೊಬ್ಬರಿಗೆ ತಿಳಿಯುವುದಾದರೂ ಹೇಗೆ?

ನಮ್ಮಲ್ಲಿ ಕನಸಿನ ಹೆಸರನ್ನು ಕಂಡವರೇ ಕೂಸಿನ ಕಿವಿಯಲ್ಲಿ ಹೇಳಬೇಕು. ಅರ್ಧಕ್ಕೆ ಬಿಟ್ಟರೆ ಕೂಸಿಗೆ ಆಗಿಬರುವುದಿಲ್ಲ. ಅತ್ತೆಯನ್ನು ಬರಹೇಳು. ಅಮ್ಮ ಬರುವ ಸುದ್ದಿ ಮಾತ್ರ ಎತ್ತಬೇಡ, ಎತ್ತಿದರೆ ಬರುವುದಿಲ್ಲ. ಸೋಫಾದ ಮೇಲೆ ಗುಡ್ಡೆ ಹಾಕಿರುವ ನಿನ್ನ ಬಟ್ಟೆ ತೆಗೆ. ಇಬ್ಬರೂ ಕೂರಲಿ, ಕೂಸನ್ನು ನಡುವೆ ಮಲಗಿಸೋಣ. ಮೊದಲು ಅತ್ತೆ ಹೇಳಬೇಕು, ಮುಗಿಸುವುದು ಅಮ್ಮ.

ಹೆಸರು ಉದ್ದವಾಯಿತೆಂದು ಇನ್ನು ನಗಬೇಡ. ಅತ್ತೆಯಿಂದ ಅಮ್ಮನವರೆಗೆ ಮುಟ್ಟಬೇಕಲ್ಲ ಅದು.

ನೊಹೆಯಾ